ಉಣ್ಣೆ ನೋಡುವವಳ ಸಿಟ್ಟು

ಒಂದು ಚಿಟಿಕೆ ಉಣ್ಣೆಯನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು ಟಣ್ಣೆಂದು ಮೀಟಿದರೆ ಸಾಕು, ಆ ಕುರಿ ಕಳೆದ ವರ್ಷ ಯಾವ ತಿಂಗಳಲ್ಲಿ ಹಸಿದಿತ್ತು, ಯಾವಾಗ ಜ್ವರ ಬಿದ್ದು ಎದ್ದಿತ್ತು ಎಂದು ಅವಳು ಹೇಳಿಬಿಡುತ್ತಿದ್ದಳು. ಎಳೆ ಗಟ್ಟಿಯಿದ್ದರೆ ಸದ್ದು ತಂತಿ ಮೀಟಿದ ಹಾಗೆ. ನಡುವೆ ಎಲ್ಲೋ ಬಡವಾಗಿದ್ದರೆ ಪಿಸ್ಸೆಂದು ತುಂಡಾಗುತ್ತದೆ. ಇಪ್ಪತ್ತಾರು ವರ್ಷ ಇದೇ ಕೆಲಸ. ಊರೂರಿನ ಕುರಿ ಫಾರಂಗಳಿಗೆ ಹೋಗುವುದು, ಕತ್ತರಿಸಿದ ಉಣ್ಣೆಯನ್ನು ಮೇಜಿನ ಮೇಲೆ ಹರವಿ ನೋಡುವುದು, ನಯವಾದದ್ದು ಇತ್ತ, ಒರಟಾದದ್ದು ಅತ್ತ ಎಂದು ಬೇರೆ ಮಾಡುವುದು, ಒತ್ತಿ ತುಂಬಿ ದೊಡ್ಡ ಮೂಟೆಗಳಾಗಿ ಬೇಲು ಕಟ್ಟಿಸುವುದು.

ಬೇಲು ಕಟ್ಟಿದ ಮೇಲೆ ಅದರ ಮೇಲೆ ಅವಳ ನಂಬರು ಬೀಳಬೇಕು. ನಂಬರು ಕೊರೆದ ಒಂದು ಹಿತ್ತಾಳೆ ತಗಡು ಅವಳ ಹತ್ತಿರವಿತ್ತು. ಅದನ್ನು ಬೇಲಿನ ಮೈಗೆ ಒತ್ತಿ ಹಿಡಿದು ಕಪ್ಪು ಬಣ್ಣ ಸವರಿದರೆ ಮುಗಿಯಿತು, ಒಳಗಿರುವುದಕ್ಕೆಲ್ಲ ಅವಳೇ ಜವಾಬ್ದಾರಳು. ದೂರದ ಗಿರಣಿಯಲ್ಲಿ ಯಾರೂ ಅವಳ ಮುಖ ಕಂಡವರಲ್ಲ. ಆದರೆ ಆ ನಂಬರು ಕಂಡರೆ ಬೇಲು ಬಿಚ್ಚಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲವಂತೆ.

ಉಣ್ಣೆ ಕತ್ತರಿಸುವ ಗಂಡಸರು ಅವಳಿಗೆ ಮೆಣಸಕ್ಕ ಎಂದು ಹೆಸರಿಟ್ಟಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಉಣ್ಣೆಯಲ್ಲಿ ಒಂದು ಬೀಡಿ ತುಂಡು ಸಿಕ್ಕರೆ ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಕೂಗುವಳು. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಮಾತು ಕಡಿಮೆಯ ಮನುಷ್ಯ. "ನಾನು ಮೊದಲಿಂದಲೂ ಹೀಗೇನಾ ಅಂತ ಜನ ಕೇಳ್ತಾರೆ," ಎನ್ನುತ್ತಿದ್ದ. "ಇಲ್ಲ, ಮದುವೆಗೆ ಮುಂಚೆ ನಾನೂ ಮಾತಾಡ್ತಿದ್ದೆ."

ಈ ಮೆಣಸಕ್ಕನಿಗೆ ಒಬ್ಬನೇ ತಮ್ಮ. ಅಮ್ಮ ತೀರಿಕೊಂಡಾಗ ಅವನಿಗೆ ಏಳು ವರ್ಷ, ಇವಳಿಗೆ ಹದಿನೆಂಟು. ಉಣ್ಣೆ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸ ಹಿಡಿದು, ಅವನನ್ನು ಅದೇ ಶೆಡ್ಡಿನ ಮೂಲೆಯಲ್ಲಿ ಚೀಲದ ಮೇಲೆ ಮಲಗಿಸಿ ಸಾಕಿದಳು. ಅವನು ಕುರಿಗಳ ನಡುವೆಯೇ ಬೆಳೆದ. ಈಗ ನಯವಾದ ಉಣ್ಣೆಯ ಮೂರು ಸಾವಿರ ಮೆರಿನೋ ಕುರಿಗಳಿರುವ ಒಂದು ದೊಡ್ಡ ಫಾರಮ್ಮಿನ ಮೇಸ್ತ್ರಿ. ಯಜಮಾನರು ಪಟ್ಟಣದಲ್ಲಿದ್ದರು, ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಫಾರಮ್ಮಿನೊಳಗೇ ಒಂದು ಮನೆ ಕೊಟ್ಟಿದ್ದರು. ತಮ್ಮ, ತಮ್ಮನ ಹೆಂಡತಿ ಅಲ್ಲೇ ಇದ್ದರು. ಪ್ರತಿ ವರ್ಷ ಉಣ್ಣೆ ಕತ್ತರಿಸುವ ಹಂಗಾಮಿನಲ್ಲಿ ಮೆಣಸಕ್ಕ ಎರಡು ವಾರ ತಮ್ಮನ ಮನೆಯಲ್ಲೇ ಉಳಿದು ಕೆಲಸ ಮಾಡುವುದು ರೂಢಿಯಾಗಿತ್ತು.

ಎರಡು ವರ್ಷದ ಹಿಂದೆ ಆ ಫಾರಮ್ಮಿಗೆ ಒಂದು ಬಟ್ಟೆ ಕಂಪನಿ ಬಂತು. ಬೆಟ್ಟ ಹತ್ತುವವರಿಗೆ, ಮೈಲಿಗಟ್ಟಲೆ ಓಡುವವರಿಗೆ, ಮಳೆಯಲ್ಲಿ ಸೈಕಲ್ ತುಳಿಯುವವರಿಗೆ ಬಟ್ಟೆ ಮಾಡುವ ಕಂಪನಿ. ಮೈಗೆ ಅಂಟಿಕೊಳ್ಳುವಂಥ ತೆಳ್ಳನೆಯ ಮೆರಿನೋ ಅಂಗಿ. ಬೆವರಿದರೂ ನಾರುವುದಿಲ್ಲ, ಒದ್ದೆಯಾದರೂ ಚಳಿಯಾಗುವುದಿಲ್ಲ. ಮೆಣಸಕ್ಕನಿಗೂ ಒಂದು ಕೊಟ್ಟಿದ್ದರು. ಅವಳು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು, ತಾನು ಇಷ್ಟು ವರ್ಷ ಮುಟ್ಟಿದ ಉಣ್ಣೆ ಕೊನೆಗೆ ಏನಾಗುತ್ತದೆ ಎಂದು ಮೊದಲ ಸಲ ಮೈಯಲ್ಲೇ ತಿಳಿದುಕೊಂಡಿದ್ದಳು. ಅಂಗಿಯ ಕೊರಳಿಗೆ ಒಂದು ರಟ್ಟಿನ ಚೀಟಿ ತೂಗುತ್ತಿತ್ತು: "ಈ ಉಣ್ಣೆ ಕೊಟ್ಟ ಕುರಿಯನ್ನು ನಾವು ನೋಯಿಸಿಲ್ಲ."

ಆ ಮಾತಿನ ಹಿಂದೆ ಒಂದು ಷರತ್ತಿತ್ತು. ಮೆರಿನೋ ಕುರಿಯ ಚರ್ಮ ಸುಕ್ಕು ಸುಕ್ಕು. ಬಾಲದ ಸುತ್ತಲಿನ ಸುಕ್ಕಿನಲ್ಲಿ ಉಚ್ಚೆ, ಹಿಕ್ಕೆ ಸೇರಿ ಸದಾ ಒದ್ದೆ. ಅಲ್ಲಿ ನೊಣ ಮೊಟ್ಟೆಯಿಟ್ಟರೆ ಹುಳುಗಳು ಜೀವಂತ ಕುರಿಯನ್ನೇ ತಿನ್ನತೊಡಗುತ್ತವೆ. ಇದಕ್ಕೆ ಹಿಂದಿನಿಂದ ಬಂದ ಉಪಾಯ ಒಂದಿತ್ತು: ಎಳೆ ಮರಿಯನ್ನು ಅಂಗಾತ ಮಲಗಿಸಿ, ಬಾಲದ ಅಕ್ಕಪಕ್ಕದ ಚರ್ಮವನ್ನು ಕತ್ತರಿಯಿಂದ ಸೀಳಿ ತೆಗೆದುಬಿಡುವುದು. ಗಾಯ ಮಾಯ್ದ ಮೇಲೆ ಅಲ್ಲಿ ಉಣ್ಣೆ ಬೆಳೆಯುವುದಿಲ್ಲ, ನುಣ್ಣನೆಯ ಕಲೆ ಉಳಿಯುತ್ತದೆ, ನೊಣ ಕೂರುವುದಿಲ್ಲ. ಕಂಪನಿ ಹೇಳಿತು, ಇನ್ನು ಮುಂದೆ ಹುಟ್ಟುವ ಒಂದು ಮರಿಗೂ ಹೀಗೆ ಮಾಡಕೂಡದು. ಬದಲಿಗೆ ಬಾಲದ ಸುತ್ತಲಿನ ಉಣ್ಣೆಯನ್ನು ಆಗಾಗ ಕತ್ತರಿಸಿ ಚೊಕ್ಕಟವಾಗಿಡಿ, ನೊಣದ ಕಾಲದಲ್ಲಿ ದಿನವೂ ಮಂದೆ ನೋಡಿ, ಸುಕ್ಕಿಲ್ಲದ ಟಗರು ಬಿಟ್ಟು ತಳಿ ಸುಧಾರಿಸಿ. ಹಾಗೆ ಮಾಡಿದರೆ ಉಣ್ಣೆಗೆ ಹೆಚ್ಚಿನ ಬೆಲೆ. ಯಜಮಾನರು ಒಪ್ಪಿದರು. ಮೇಸ್ತ್ರಿಯಾಗಿ ತಮ್ಮನೇ ಕಾಗದಕ್ಕೆ ಸಹಿ ಹಾಕಿದ. ಅಕ್ಕ ಅವನ ಬೆನ್ನು ತಟ್ಟಿ, "ಈಗ ನೀನು ಮನುಷ್ಯ ಆದೆ ನೋಡು," ಅಂದಿದ್ದಳು.

ಈ ವರ್ಷದ ಹಂಗಾಮಿನ ಮೂರನೆಯ ದಿನ. ಶೆಡ್ಡಿನಲ್ಲಿ ಉಣ್ಣೆ ಕತ್ತರಿಸುವ ಎಂಟು ಮಷಿನ್ನುಗಳು ಒಂದೇ ಸಮ ಗುಂಯ್ಗುಡುತ್ತಿದ್ದವು. ನೆಲದ ಹಲಗೆಗಳೆಲ್ಲ ಉಣ್ಣೆಯ ಜಿಡ್ಡಿನಿಂದ ಮಿರುಗುತ್ತಿದ್ದವು. ಬೆಳಿಗ್ಗೆಯಿಂದ ಮರಿಕುರಿಗಳ ಸರದಿ, ಅಂದರೆ ಕಳೆದ ವರ್ಷ ಹುಟ್ಟಿ ಇದೇ ಮೊದಲ ಸಲ ಉಣ್ಣೆ ಕೊಡುವಂಥವು. ಆ ಮೊದಲ ಉಣ್ಣೆಯೇ ಎಲ್ಲಕ್ಕಿಂತ ನಯ. ಮೈಗೆ ಅಂಟುವ ಅಂಗಿಗಳಿಗೆ ಕಂಪನಿಯವರು ಕೇಳುತ್ತಿದ್ದುದೇ ಅದನ್ನು.

ಮೆಣಸಕ್ಕ ಒಂದು ಕುರಿಯ ಇಡೀ ತುಪ್ಪಟವನ್ನು ಎತ್ತಿ ಮೇಜಿನ ಮೇಲೆ ಬೀಸಿದಳು. ಕಂಬಳಿ ಹಾಸಿದ ಹಾಗೆ ಅದು ಹರಡಿಕೊಂಡಿತು. ಅಂಚಿನ ಕೊಳೆ ಉಣ್ಣೆಯನ್ನು ಕಿತ್ತು ತೆಗೆಯಲು ಹಿಂಭಾಗಕ್ಕೆ ಕೈ ಹಾಕಿದಳು. ಅಲ್ಲಿ ಏನೂ ಇರಲಿಲ್ಲ. ಬಾಲದ ಎರಡೂ ಪಕ್ಕ ಅರ್ಧಚಂದ್ರದ ಹಾಗೆ ಖಾಲಿ. ಇನ್ನೊಂದನ್ನು ಬೀಸಿದಳು. ಅದೂ ಹಾಗೇ. ಮತ್ತೊಂದು, ಮಗದೊಂದು.

ಕತ್ತರಿಸುವ ಎಂಟು ಜನರಲ್ಲಿ ಹಿರಿಯನೊಬ್ಬನಿದ್ದ. ಎಡಗೈಯಲ್ಲಿ ಮಷಿನ್ನು ಹಿಡಿಯುತ್ತಿದ್ದನಾದ್ದರಿಂದ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಮೆಣಸಕ್ಕ ಅವನ ಎದುರು ಹೋಗಿ ನಿಂತಳು.

"ಮಷಿನ್ ನಿಲ್ಲಿಸಿ."

ಅವನು ನಿಲ್ಲಿಸಿದ. ಮೊಣಕಾಲ ನಡುವೆ ಕುರಿ ಒರಗಿ ಕೂತಿತ್ತು.

"ಅದರ ಬಾಯಿ ತೆಗೀರಿ."

ಎಡಚ ಬೆರಳು ಹಾಕಿ ತುಟಿ ಸರಿಸಿದ. ಸಣ್ಣ ಬಿಳಿಯ ಹಾಲುಹಲ್ಲುಗಳು ಸಾಲಾಗಿ. ಅಂದರೆ ವರ್ಷದ ಮೇಲೆ ಹೆಚ್ಚಿಲ್ಲ. ಅಂದರೆ ಕಾಗದಕ್ಕೆ ಸಹಿ ಬಿದ್ದ ಮೇಲೆ ಹುಟ್ಟಿದ್ದು.

"ಈಗ ತಿರುಗಿಸಿ."

ಅವನು ಒಂದು ಕ್ಷಣ ಅವಳ ಮುಖ ನೋಡಿ, ಕುರಿಯನ್ನು ತಿರುಗಿಸಿದ. ಬಾಲದ ಎರಡೂ ಕಡೆ ಹೊಳೆಯುವ ಗುಲಾಬಿ ಕಲೆ. ಒಂದು ಕಡೆ ಗೆರೆ ನೆಟ್ಟಗಿರಲಿಲ್ಲ, ಅಂಕುಡೊಂಕಾಗಿತ್ತು. ಮರಿ ಒದ್ದಾಡಿದ ಕಡೆ ಕತ್ತರಿ ಜಾರಿದೆ.

"ನಿಮಗೆಲ್ಲ ಗೊತ್ತಿತ್ತು," ಅಂದಳು.

"ದಿನಕ್ಕೆ ನೂರೈವತ್ತು ಕುರಿ ತಿರುಗಿಸ್ತೀವಿ ಅಕ್ಕ. ಕಣ್ಣು ಕಟ್ಟಿಕೊಂಡು ಮಾಡೋಕಾಗುತ್ತಾ?" ಎಡಚ ತಲೆ ತಗ್ಗಿಸಿದ. "ನಿಮ್ಮ ತಮ್ಮನ ವಿಚಾರ. ನಮಗ್ಯಾಕೆ ಉಸಾಬರಿ ಅಂತ ಸುಮ್ಮನಿದ್ವಿ."

ಸಾಮಾನ್ಯವಾಗಿ ಅವಳ ಸಿಟ್ಟು ಬಾಯಿಯಲ್ಲೇ ಬಂದು ಬಾಯಿಯಲ್ಲೇ ಹೋಗುವಂಥದ್ದು. ಈ ಸಲ ಬಾಯಿಗೆ ಬರಲಿಲ್ಲ. ಅವಳು ಏನೂ ಕೂಗದೆ ಶೆಡ್ಡು ದಾಟಿ ಹೋದದ್ದನ್ನು ಕಂಡು ಎಂಟೂ ಜನ ಹೆದರಿದರಂತೆ.

ತಮ್ಮ ತೂಕದ ಕೋಣೆಯಲ್ಲಿದ್ದ. ಅಕ್ಕ ಬಾಗಿಲು ಮುಚ್ಚಿದ ರೀತಿಯಲ್ಲೇ ಅವನಿಗೆ ವಿಷಯ ಗೊತ್ತಾಯಿತು.

"ಎಷ್ಟು ಮರಿ?" ಅಂದಳು.

"ಅಕ್ಕಾ, ಮೊದಲು ಕೂತ್ಕೋ."

"ಎಷ್ಟು ಅಂತ ಕೇಳಿದೆ."

"ಎಂಟುನೂರರ ಹತ್ತಿರ."

"ಎಲ್ಲಿ ಮಾಡಿದೆ?"

"ಹಿಂದಿನ ದೊಡ್ಡೀಲಿ. ನಾಲ್ಕು ದಿನ." ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನೀನು ಅವತ್ತು ಇರಲಿಲ್ಲ. ಅದಕ್ಕೆ ಮುಂಚಿನ ಮಳೆಗೆ ನೊಣ ಬಿದ್ದು ಏನಾಯ್ತು ಅಂತ ನೀನು ನೋಡಿಲ್ಲ. ನಿಂತಿದ್ದ ಹಾಗೇ ಹುಳಗಳು ಒಳಗಿಂದ ತಿಂದುಹಾಕಿದ್ವು. ಒಂದು ಕುರಿ ಎತ್ತಿದರೆ ಅದರ ಚರ್ಮ ನನ್ನ ಕೈಯಲ್ಲೇ ಬಂತು. ಜೀವ ಇತ್ತು ಅದಕ್ಕೆ! ಮತ್ತೆ ಅದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಅವಳಿಗೆ ಅದು ಅರ್ಥವಾಗದ ಮಾತಲ್ಲ. ಅವಳೂ ಹುಳ ಬಿದ್ದ ಕುರಿಗಳನ್ನು ಕಂಡವಳೇ. ಇನ್ನೇನು ಅವಳ ದನಿ ಇಳಿಯುವುದರಲ್ಲಿತ್ತು. ಆಗ ಒಂದು ಯೋಚನೆ ಬಂತು.

"ಮರಗಟ್ಟಿಸೋ ಔಷಧಿ ಯಾರು ತಂದ್ರು? ಡಾಕ್ಟರಿಗೆ ಹೇಳಿದ್ರೆ ಕಂಪನಿಗೆ ಗೊತ್ತಾಗ್ತಿತ್ತಲ್ಲ?"

ತಮ್ಮ ಮೇಜಿನ ಮೇಲಿನ ಟೋಪಿಯನ್ನು ಮತ್ತೆ ಕೈಗೆತ್ತಿಕೊಂಡ.

"ಔಷಧಿ ಹಾಕಲಿಲ್ಲ ನೀನು."

"ತರಿಸಿದ್ರೆ ಚೀಟಿ ಬರುತ್ತೆ, ಅಕ್ಕಾ. ಕಂಪನಿಯವರು ಔಷಧಿ ಚೀಟಿ ಎಲ್ಲಾ ನೋಡ್ತಾರೆ."

ಮೆಣಸಕ್ಕನ ಮೈಯೆಲ್ಲ ಉರಿದುಹೋಯಿತು. ಹಿಂದೆ ಎಲ್ಲರೂ ರಾಜಾರೋಷವಾಗಿ ಕತ್ತರಿಸುತ್ತಿದ್ದ ಕಾಲದಲ್ಲೂ ಈ ಫಾರಮ್ಮಿನಲ್ಲಿ ಗಾಯದ ಮೇಲೆ ನೋವು ತಿಳಿಯದ ಔಷಧಿ ಎರಚುತ್ತಿದ್ದರು. ಈಗ ನೋಯಿಸುವುದಿಲ್ಲ ಎಂದು ಸಹಿ ಹಾಕಿದ ಮೇಲೆ, ಆ ಸಹಿಯನ್ನು ಕಾಪಾಡಲೆಂದೇ, ಎಂಟುನೂರು ಮರಿಗಳನ್ನು ಹಸಿಹಸಿಯಾಗಿ ಸೀಳಿದ್ದಾನೆ. ಒಳ್ಳೆಯ ಮಾತೊಂದು ಬಂದು ಕುರಿಗಳಿಗೆ ಮೊದಲಿಗಿಂತ ಹೆಚ್ಚು ನೋವು ತಂದಿತ್ತು.

"ಮೊದಲು ಕಟುಕರ ಹಾಗೆ ಇದ್ವಿ, ಅಷ್ಟೇ," ಅಂದಳು. "ಈಗ ಅದಕ್ಕಿಂತ ಕೀಳಾದ್ವಿ. ನನ್ನ ನಂಬರು ಈ ಬೇಲುಗಳ ಮೇಲೆ ಬೀಳಲ್ಲ. ಮರಿಕುರಿ ಉಣ್ಣೆ ಬೇರೆ ಕಟ್ಟು. ಕಂಪನಿಗೆ ನೀನೇ ಹೇಳು."

"ಹೇಳಿದ್ರೆ ಯಜಮಾನರು ನಾಳೆನೇ ಮನೆ ಖಾಲಿ ಮಾಡು ಅಂತಾರೆ. ನಿನ್ನ ತಮ್ಮ ಬೀದಿಗೆ ಬಿದ್ರೆ ನಿನಗೆ ಸಮಾಧಾನಾನಾ?"

"ನನ್ನ ಸಮಾಧಾನದ ಮಾತು ಎತ್ತಬೇಡ. ಮೈಮೇಲೆ ಬರುತ್ತೆ ನನಗೆ."

ಅವಳು ಕೆಲಸ ಬಿಟ್ಟು ಹೋಗಲಿಲ್ಲ. ಹೋದರೆ ಬೇಲುಗಳ ಮೇಲೆ ಕಣ್ಣಿಡುವವರು ಯಾರೂ ಇರುತ್ತಿರಲಿಲ್ಲ. ತಮ್ಮನ ಮನೆಯಲ್ಲಿ ಊಟ ಮಾಡುವುದನ್ನು ಮಾತ್ರ ಬಿಟ್ಟಳು. ಕತ್ತರಿಸುವವರ ಜೊತೆ ಶೆಡ್ಡಿನಲ್ಲೇ ತಟ್ಟೆ ಹಿಡಿದು ಕೂತಳು. ತಮ್ಮನ ಹೆಂಡತಿ ಬಂದು ಅತ್ತಳು. "ಅತ್ತಿಗೆ, ನೀವೇ ಕೈಯಾರೆ ಸಾಕಿದ ಮಗು ಅಲ್ವಾ ಅವರು?" ಅಂದಳು. ಮೆಣಸಕ್ಕ, "ಅದಕ್ಕೇ ಇಷ್ಟು ಸಿಟ್ಟು. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಮರೆತಿರ್ತಿದ್ದೆ," ಅಂದಳು.

ಹಂಗಾಮಿನ ಕೊನೆಯ ದಿನ ಮಧ್ಯಾಹ್ನ ಅವಳು ಕೈಕಾಲಿನ ಜಿಡ್ಡು ತೊಳೆಯಲು ತೊಟ್ಟಿಯ ಹತ್ತಿರ ಹೋಗಿದ್ದಳು. ವಾಪಸ್ಸು ಬರುವಾಗ ಲಾರಿ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಮರಿಕುರಿಯ ಉಣ್ಣೆ ತುಂಬಿದ ಬೇಲುಗಳು ಸಾಲಾಗಿ ಹೊರಗೆ ಬಂದಿದ್ದವು. ಪ್ರತಿಯೊಂದರ ಮೇಲೂ ಅವಳ ನಂಬರು. ಬಣ್ಣ ಇನ್ನೂ ಹಸಿ. ಅವಳ ಚೀಲ ಬಿಚ್ಚಿತ್ತು, ಹಿತ್ತಾಳೆ ತಗಡು ಒಂದು ಬೇಲಿನ ಮೇಲೆ ಬಿದ್ದಿತ್ತು, ತಮ್ಮನ ಬೆರಳುಗಳು ಕಪ್ಪಾಗಿದ್ದವು.

ಮೆಣಸಕ್ಕ ಬಣ್ಣದ ಡಬ್ಬಿ, ಅಗಲವಾದ ಬ್ರಷ್ಷು ಎತ್ತಿಕೊಂಡಳು. ಮೊದಲನೆಯ ಬೇಲಿನ ಹತ್ತಿರ ಹೋಗಿ ತನ್ನ ನಂಬರಿನ ಮೇಲೆ ದಪ್ಪಗೆ ಬಳಿದಳು. ಎರಡನೆಯದಕ್ಕೆ ಹೋದಳು.

"ಅಕ್ಕಾ, ಬೇಡ," ಅಂದ ತಮ್ಮ.

ಅವಳು ಬಳಿಯುತ್ತ ಹೋದಳು. ಅವನು ಬಂದು ಮಣಿಕಟ್ಟು ಹಿಡಿದ. ಅವಳು ಬ್ರಷ್ಷನ್ನು ಇನ್ನೊಂದು ಕೈಗೆ ಬದಲಿಸಿ ಬಳಿದಳು. ಬಣ್ಣ ಅವನ ಅಂಗಿಗೆ, ಅವಳ ಸೆರಗಿಗೆ, ಇಬ್ಬರ ಮುಖಕ್ಕೂ ಸಿಡಿಯಿತು. ಐವತ್ತರ ಹತ್ತಿರದ ಹೆಂಗಸು, ನಲವತ್ತರ ಹತ್ತಿರದ ಗಂಡಸು, ಸ್ಲೇಟಿಗಾಗಿ ಜಗಳಾಡುವ ಮಕ್ಕಳ ಹಾಗೆ ಬೇಲುಗಳ ನಡುವೆ ಎಳೆದಾಡಿದರು. ಲಾರಿ ಡ್ರೈವರ್ ಇಳಿದು ಬಂದು, "ಯಾವುದಾದ್ರೂ ಒಂದು ಹೇಳಿ. ಏರಿಸ್ಲಾ, ಬೇಡ್ವಾ?" ಎಂದು ಕೇಳಿದ. ಎಡಚ ಅವನ ಭುಜ ಹಿಡಿದು, "ಸ್ವಲ್ಪ ಆಚೆ ನಿಲ್ಲಪ್ಪ, ಇದು ಮನೆ ವಿಷಯ," ಅಂದ.

ತಮ್ಮ ಕೊನೆಗೆ ಕೈ ಬಿಟ್ಟ. ಅವಳು ಹತ್ತೊಂಬತ್ತು ಬೇಲುಗಳನ್ನೂ ಮುಗಿಸಿ ಬ್ರಷ್ಷನ್ನು ಡಬ್ಬಿಯೊಳಗೆ ಎಸೆದಳು. ಹಿತ್ತಾಳೆ ತಗಡನ್ನು ಸೆರಗಿನಲ್ಲೇ ಒರೆಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದುಬಿಟ್ಟಳು.

ಕಂಪನಿ ಕೊಟ್ಟ ಅಂಗಿಯ ಚೀಟಿಯಲ್ಲಿ ಒಂದು ಫೋನ್ ನಂಬರಿತ್ತು: "ನಮ್ಮ ಕುರಿಗಳ ಬಗ್ಗೆ ಏನು ಬೇಕಾದರೂ ಕೇಳಿ." ಮಾರನೆಯ ದಿನ ಬೆಳಿಗ್ಗೆ ಅವಳು ಕೇಳಿದಳು. ಅತ್ತ ಕಡೆಯ ಸಿಹಿ ದನಿ, "ನಮ್ಮ ಉಡುಪುಗಳಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ. ನಿಮ್ಮ ಅಳತೆ ಎಷ್ಟು?" ಅಂತು.

"ನನ್ನ ಅಳತೆ ಬಿಡಮ್ಮ. ಮರಿಗಳ ಚರ್ಮ ಸೀಳಿದ್ದಾರೆ."

"ಅಯ್ಯೋ, ಅಂಗಿ ಹರಿದಿದ್ರೆ ಮೂವತ್ತು ದಿನದೊಳಗೆ ಬದಲಾಯಿಸಿ ಕೊಡ್ತೀವಿ."

ಗಂಡ ಪಂಕ್ಚರ್ ಟ್ಯೂಬು ಹಿಡಿದು ಬಾಗಿಲಲ್ಲಿ ನಿಂತಿದ್ದ. ಫೋನಿಟ್ಟ ಹೆಂಡತಿಯ ಮುಖ ನೋಡಿ, ಒಂದು ಲೋಟ ನೀರು ತಂದಿಟ್ಟು ಹಿಂದಕ್ಕೆ ಸರಿದ. ಅವಳು ಒಂಬತ್ತು ದಿನ, ದಿನವೂ ಅದೇ ಹೊತ್ತಿಗೆ ಫೋನ್ ಮಾಡಿದಳು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು. ಇನ್ನೊಬ್ಬರು ಬರೆದುಕೊಂಡೆವು ಅಂದರು. ಹತ್ತನೆಯ ದಿನ ಗಟ್ಟಿ ದನಿಯ ಹುಡುಗಿಯೊಬ್ಬಳು ತಾನಾಗಿ ಫೋನ್ ಮಾಡಿ, ಉಣ್ಣೆ ಖರೀದಿಯ ಕೆಲಸ ತನ್ನದೆಂದು ಹೇಳಿ, "ನಂಬರು ಅಳಿಸಿದ ಬೇಲುಗಳು ಬಂದಿವೆ. ಅಳಿಸಿದ್ದು ನೀವೇನಾ?" ಎಂದು ಕೇಳಿದಳು.

"ನಾನೇ. ಯಾಕೆ ಅಂತ ಕೇಳಿ."

ಅವಳು ಕೇಳಿದಳು. ಹುಡುಗಿ ಕೊನೆಯವರೆಗೂ ಕೇಳಿಸಿಕೊಂಡಳು.

ತಪಾಸಣೆಗೆ ದಿನ ಗೊತ್ತಾಯಿತು. ಕಂಪನಿಯ ಹುಡುಗಿ, ಕನ್ನಡಕ ಹಾಕಿದ ಒಬ್ಬ ತಪಾಸಣೆಯವನು ಕಾರಿನಲ್ಲಿ ಬಂದರು. ಇಬ್ಬರೂ ಮೈಗಂಟಿದ ಮೆರಿನೋ ಅಂಗಿಯಲ್ಲೇ ಇದ್ದರು. ಮೆಣಸಕ್ಕ ಬಸ್ಸಿನಲ್ಲಿ ಬಂದಿದ್ದಳು. ಬರುವುದು ಬೇಡ ಎಂದು ಯಜಮಾನರು ಹೇಳಿಕಳಿಸಿದ್ದರಿಂದ ಗೇಟಿನ ಹೊರಗೆ ನಿಂತಳು. ತಮ್ಮ ಗೇಟಿನ ಹತ್ತಿರದ ದೊಡ್ಡಿಯಲ್ಲಿ ಐವತ್ತು ಕುರಿ ಕೂಡಿಹಾಕಿದ್ದ. ತಪಾಸಣೆಯವನು ಒಂದೊಂದನ್ನೇ ತಿರುಗಿಸಿ ನೋಡಿದ. ದೊಡ್ಡ ಕುರಿಗಳು. ಕಲೆ ಇದ್ದವು, ಆದರೆ ಹಳೆಯವು, ಕಾಗದಕ್ಕೆ ಮುಂಚಿನವು. ಅವನು ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದ.

"ಸ್ವಾಮಿ!" ಮೆಣಸಕ್ಕ ಬೇಲಿಯಾಚೆಯಿಂದ ಕೂಗಿದಳು. "ಹಿಂದುಗಡೆ ನೋಡಿದ್ದಾಯ್ತು, ಬಾಯಿನೂ ನೋಡಿ! ಹಾಲುಹಲ್ಲಿನದು ಒಂದಾದ್ರೂ ಇದೆಯಾ ಅದರಲ್ಲಿ? ಹೋದ ವರ್ಷ ಹುಟ್ಟಿದ ಎಂಟುನೂರು ಎಲ್ಲಿ ಅಂತ ಕೇಳಿ!"

ತಪಾಸಣೆಯವನು ಪೆನ್ನು ನಿಲ್ಲಿಸಿ ಮೇಸ್ತ್ರಿಯ ಕಡೆ ತಿರುಗಿದ. ತಮ್ಮ, "ಮಾರಾಟ ಆದ್ವು," ಅಂದ. ದನಿಯಲ್ಲಿ ಜೀವವಿರಲಿಲ್ಲ.

"ನನ್ನ ಮುಖ ನೋಡಿ ಹೇಳು," ಅಂದಳು ಅಕ್ಕ.

ಅವನು ನೋಡಿದ. ಆಮೇಲೆ ಟೋಪಿಯನ್ನು ತೆಗೆದು ನೆಲಕ್ಕೆ ಅಪ್ಪಳಿಸಿದ.

"ಬನ್ನಿ!" ಎಂದು ಕಿರುಚಿದ. ಅಕ್ಕನಿಗಲ್ಲ, ಕಂಪನಿಯವರಿಗೆ. "ಬನ್ನಿ, ತೋರಿಸ್ತೀನಿ! ಗುಡ್ಡದ ಹಿಂದೆ ಇವೆ ಎಲ್ಲಾ! ಕತ್ತರಿಸಿದ್ದು ನಾನೇ, ಈ ಕೈಯಿಂದಾನೇ. ಕತ್ತರಿಸಬೇಡಿ ಅಂತ ನೀವು ಹೇಳಿ ಹೋದ್ರಿ, ಸಂತೋಷ. ದಿನಾ ಮಂದೆ ನೋಡಿ ಅಂದ್ರಿ. ಯಾರು ನೋಡಬೇಕು? ಮೂರು ಸಾವಿರ ಕುರಿಗೆ ಇಬ್ಬರಿದ್ವಿ. ಬೆಲೆ ಜಾಸ್ತಿ ಬಂದ ವರ್ಷಾನೇ ಯಜಮಾನರು ಒಬ್ಬನನ್ನ ತೆಗೆದ್ರು. ಒಬ್ಬನೇ! ನಾನೊಬ್ಬನೇ! ನಿಮ್ಮ ಪಟ್ಟೀಲಿ ಕುರಿ ಬಗ್ಗೆ ನಲವತ್ತು ಪ್ರಶ್ನೆ ಇದೆಯಲ್ಲ, ನೋಡ್ಕೊಳ್ಳೋ ಮನುಷ್ಯರು ಎಷ್ಟಿದ್ದಾರೆ ಅಂತ ಒಂದು ಪ್ರಶ್ನೆ ಇದೆಯಾ? ತೋರಿಸಿ ನನಗೆ!"

ಕಂಪನಿಯ ಹುಡುಗಿ ತಪಾಸಣೆಯವನ ಕೈಯಿಂದ ಪಟ್ಟಿ ತೆಗೆದುಕೊಂಡು ಹಾಳೆ ತಿರುವಿದಳು. ಮತ್ತೆ ಮೊದಲಿಂದ ತಿರುವಿದಳು. ಇರಲಿಲ್ಲ.

ಹಂಗಾಮಿನಲ್ಲಿ ಶೆಡ್ಡು ತುಂಬ ಜನವಿರುತ್ತಿದ್ದುದರಿಂದ ಒಬ್ಬನನ್ನು ತೆಗೆದ ಸಂಗತಿ ಮೆಣಸಕ್ಕನಿಗೂ ಗೊತ್ತಾಗಿರಲಿಲ್ಲ. ಮೂರು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದ ತಮ್ಮ ಅಕ್ಕನಿಗೆ ಇದೊಂದನ್ನು ಹೇಳಿರಲಿಲ್ಲ. ಮೇಸ್ತ್ರಿ ಅನ್ನಿಸಿಕೊಂಡವನ ಕೈಕೆಳಗೆ ಒಬ್ಬ ಆಳೂ ಇಲ್ಲ ಎಂದು ಹೇಗೆ ಹೇಳಿಯಾನು? ಅವಳ ಸಿಟ್ಟಿಗೆ ಈಗ ಇನ್ನೊಂದು ಮುಖ ಹುಟ್ಟಿತು, ಪಟ್ಟಣದ ಕಡೆ ತಿರುಗಿದ ಮುಖ. ಆದರೆ ತಮ್ಮನ ಕಡೆಗಿದ್ದದ್ದು ತಣ್ಣಗಾಗಲಿಲ್ಲ. ಒಬ್ಬನೇ ಇದ್ದದ್ದು ನಿಜ. ಔಷಧಿ ಹಾಕದೆ ಸೀಳಿದ್ದೂ ನಿಜ. ಒಂದು ನಿಜ ಇನ್ನೊಂದನ್ನು ತಿಂದುಹಾಕಲಿಲ್ಲ.

ಅವರು ಗುಡ್ಡದ ಹಿಂದಕ್ಕೆ ಹೋದರು. ತಪಾಸಣೆಯವನು ಮೊದಲ ಮೂವತ್ತನ್ನು ನೋಡಿ ಸಾಕು ಅಂದ. ತಮ್ಮ ಬಿಡಲಿಲ್ಲ. "ಎಲ್ಲಾ ನೋಡಿ," ಎಂದು ಒಂದೊಂದನ್ನೇ ಹಿಡಿದು, ತಿರುಗಿಸಿ ತೋರಿಸುತ್ತಲೇ ಇದ್ದ. ಕೊನೆಗೆ ಕಂಪನಿಯ ಹುಡುಗಿಯೇ ಅವನ ತೋಳು ಹಿಡಿದು ನಿಲ್ಲಿಸಿದಳು.

ಮುಂದಿನದು ನಡೆಯಬೇಕಾದ ಹಾಗೇ ನಡೆಯಿತು, ಅಂದರೆ ಕೆಟ್ಟದಾಗಿ. ಕಂಪನಿ ಆ ಫಾರಮ್ಮನ್ನು ಪಟ್ಟಿಯಿಂದ ಹೊಡೆದುಹಾಕಿತು. ಯಜಮಾನರು ಪಟ್ಟಣದಿಂದ ಕಂಪನಿಗೆ ಒಂದು ಕಾಗದ ಬರೆದರು: ಮೇಸ್ತ್ರಿ ತಮಗೆ ತಿಳಿಸದೆ ಮಾಡಿದ ಕೃತ್ಯ, ತಮಗೆ ತುಂಬ ಆಘಾತವಾಗಿದೆ, ಅವನನ್ನು ಕೂಡಲೇ ತೆಗೆದಿದ್ದೇವೆ. ತಮ್ಮ ಮತ್ತು ಅವನ ಹೆಂಡತಿ ಸಾಮಾನು ಕಟ್ಟಿಕೊಂಡು ಹೆಂಡತಿಯ ತವರೂರಿಗೆ ಹೋದರು. ಹೋಗುವ ಮುಂಚೆ ಅಕ್ಕನಿಗೆ ಹೇಳಲಿಲ್ಲ. ಯಜಮಾನರು ಮಾತ್ರ ಇನ್ನೊಬ್ಬ ಮೇಸ್ತ್ರಿಯನ್ನು ಇಟ್ಟುಕೊಂಡು ಉಣ್ಣೆಯನ್ನು ಬೇರೆ ಕಡೆ ಮಾರಿದರು. ಅವರ ಕೂದಲೂ ಕೊಂಕಲಿಲ್ಲ.

ಮೆಣಸಕ್ಕನನ್ನು ಮೂರು ಫಾರಮ್ಮುಗಳು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದವು. ಒಬ್ಬರು ನೆಟ್ಟಗೆ ಹೇಳಿಯೇಬಿಟ್ಟರು, "ಉಣ್ಣೆ ನೋಡೋಕೆ ಕರೆದ್ರೆ ನೀವು ಕುರಿ ನೋಡ್ತೀರಂತೆ."

"ಉಣ್ಣೆ ಏನು ಮರದ ಮೇಲೆ ಬೆಳೆಯುತ್ತಾ?" ಎಂದು ಕೇಳಿ ಫೋನಿಟ್ಟಳು.

ಆ ಚಳಿಗಾಲದಲ್ಲಿ ಕಂಪನಿಯಿಂದ ಒಂದು ಪೊಟ್ಟಣ ಬಂತು. ಒಳಗೆ ಹೊಸ ಮಾದರಿಯ ದಪ್ಪ ಮೆರಿನೋ ಜಾಕೆಟ್ಟು, ಒಂದು ಧನ್ಯವಾದದ ಕಾರ್ಡು, ಹೊಳೆಯುವ ಹಾಳೆಯ ಒಂದು ಪುಸ್ತಿಕೆ. ಪುಸ್ತಿಕೆಯಲ್ಲಿ ಹುಲ್ಲುಗಾವಲಿನ ದೊಡ್ಡ ಚಿತ್ರ. ಕೆಳಗೆ: "ನಮ್ಮ ಕಟ್ಟುನಿಟ್ಟಿನ ತಪಾಸಣೆಯಿಂದಾಗಿ ನಿಯಮ ಮುರಿದ ಒಂದು ಫಾರಮ್ಮನ್ನು ನಾವೇ ಪತ್ತೆಹಚ್ಚಿ ಕೈಬಿಟ್ಟಿದ್ದೇವೆ." ಅವಳು ಅದನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಎರಡನೆಯ ಸಲ ಓದುವಾಗ 'ನಾವೇ' ಅನ್ನುವ ಮಾತಿನ ಮೇಲೆ ಉಗುರಿನಿಂದ ಗೀರಿದಳು.

"ಜಾಕೆಟ್ ಚೆನ್ನಾಗಿದೆ," ಅಂದ ಗಂಡ ಮೆಲ್ಲಗೆ. "ವಾಪಸ್ ಕಳಿಸ್ತೀಯಾ?"

"ಮತ್ತಿನ್ನೇನು, ಹಾಕ್ಕೊಂಡು ಮೆರೀಲಾ?"

ಅವಳು ಜಾಕೆಟ್ಟಿನ ಜೇಬಿನೊಳಗೆ ಕಾಗದ ಬರೆದಿಟ್ಟಳು. "ನಿಮ್ಮ ತಪಾಸಣೆ ಏನನ್ನೂ ಪತ್ತೆಹಚ್ಚಲಿಲ್ಲ. ಬಾಲ ಎತ್ತಿ ನೋಡಿತು, ಬಾಯಿ ತೆಗೆದು ನೋಡಲಿಲ್ಲ. ಹೇಳಿದ್ದು ನಾನು. ಒಪ್ಪಿಕೊಂಡವನು ನನ್ನ ತಮ್ಮ. ಅವನ ಮನೆ ಹೋಯಿತು. ಒಬ್ಬ ಆಳನ್ನು ಉಳಿಸಿಕೊಂಡಿದ್ದರೆ ಆ ಮರಿಗಳ ಚರ್ಮ ಉಳಿಯುತ್ತಿತ್ತು. ನೀವು ಕುರಿಯ ನೋವನ್ನು ಲೆಕ್ಕ ಹಿಡಿಯುತ್ತೀರಿ, ಅದು ಸರಿ. ಕುರಿ ಕಾಯುವವನು ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅವನು ಇಲ್ಲದೆ ಕುರಿ ಹೇಗೆ ಸುಖವಾಗಿರುತ್ತದೆ?"

ಎರಡು ತಿಂಗಳಾದ ಮೇಲೆ ಕಂಪನಿಯ ಹುಡುಗಿ ಒಂದು ಹಾಳೆ ಕಳಿಸಿದಳು. ತಪಾಸಣೆಯ ಹೊಸ ಪಟ್ಟಿ. ಹಲ್ಲು ನೋಡಬೇಕೆಂದು ಒಂದು ಸಾಲು. ಅದರ ಕೆಳಗೆ ಇನ್ನೊಂದು: ಎಷ್ಟು ಕುರಿಗೆ ಎಷ್ಟು ಜನ ಕೆಲಸಗಾರರಿದ್ದಾರೆ, ಅವರನ್ನೇ ಕೇಳಿ ಬರೆಯುವುದು. ಪುಸ್ತಿಕೆಯ ಸುಳ್ಳನ್ನು ತಿದ್ದಿಸಲು ತನ್ನಿಂದ ಆಗಲಿಲ್ಲ ಎಂದೂ ಪ್ರಾಮಾಣಿಕವಾಗಿ ಬರೆದಿದ್ದಳು. ಮೆಣಸಕ್ಕ ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡಿದಳು. ಎಂಟುನೂರು ಮರಿಗಳಿಗೆ, ಒಂದು ಮನೆಗೆ, ಎರಡು ಸಾಲು. ಹರಿದು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ.

ತಮ್ಮ ಒಂದೂವರೆ ವರ್ಷ ಮಾತಾಡಲಿಲ್ಲ. ದನದ ಹಿಂಡಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾನೆಂದು ಅವರಿವರಿಂದ ಸುದ್ದಿ ಬರುತ್ತಿತ್ತು. ಕೇಳಿದಾಗಲೆಲ್ಲ ಅವಳು ಮನೆಯ ಪಾತ್ರೆಗಳನ್ನು ಇಡಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು.

"ನಾನು," ಅಂದ.

"ಗೊತ್ತಾಯ್ತು."

"ಒಂದು ಸಣ್ಣ ಫಾರಂ ಸಿಕ್ಕಿದೆ. ಆರುನೂರು ಕುರಿ, ಇಬ್ಬರಿದ್ದೀವಿ. ಕತ್ತರಿಸೋದಿಲ್ಲ ಇಲ್ಲಿ. ಮೈ ಸುಕ್ಕಿಲ್ಲದ ಟಗರು ಬೇಕು. ಯಾರ ಹತ್ತಿರ ಇವೆ?"

ಅವಳು ಹೇಳಿದಳು. ಯಾರ ಹತ್ತಿರ ಒಳ್ಳೆಯ ತಳಿ ಇದೆ, ಯಾರು ಮೋಸ ಮಾಡುತ್ತಾರೆ, ಕುತ್ತಿಗೆಯ ಮಡಿಕೆ ಹೇಗೆ ನೋಡಬೇಕು, ಇಪ್ಪತ್ತು ನಿಮಿಷ ಬಿಡದೆ ಹೇಳಿದಳು. ಅವನು ಹೂಂ, ಹೂಂ ಎಂದು ಬರೆದುಕೊಂಡ. ಮಾತು ಮುಗಿದ ಮೇಲೂ ಇಬ್ಬರೂ ಫೋನಿಡಲಿಲ್ಲ.

"ಇನ್ನೂ ಸಿಟ್ಟಾ?" ಅಂದ.

"ಹೌದು."

"ನನಗೂ."

"ನಿನಗ್ಯಾಕೋ ಸಿಟ್ಟು?"

"ಎಲ್ಲರ ಮುಂದೆ ಕೂಗಿದೆಯಲ್ಲ. ಒಂದು ಸಲ ಒಳಗೆ ಕರೆದು ಕೇಳಬಾರದಿತ್ತಾ, ಯಾಕೋ ಒಬ್ಬನೇ ಇದ್ದೀಯ ಅಂತ?"

ತೂಕದ ಕೋಣೆಯ ಬಾಗಿಲು ಮುಚ್ಚಿ ಅವಳು ಕೇಳಿದ್ದಳು, ನಿಜ. ಆದರೆ ಕೇಳಿದ್ದು ಮರಿಗಳ ವಿಚಾರ, ಅವನ ವಿಚಾರವಲ್ಲ.

"ಭಾನುವಾರ ಬೆಳಿಗ್ಗೆ ಬಾ," ಅಂದಳು. "ಟಗರು ನೋಡೋಕೆ ನಾನೂ ಬರ್ತೀನಿ."

ಭಾನುವಾರ ಇಬ್ಬರೂ ಹೋದರು. ಅವನು ಆರಿಸಿದ ನಾಲ್ಕು ಟಗರುಗಳಲ್ಲಿ ಮೂರನ್ನು ಅವಳು ಬೇಡ ಅಂದಳು. ಅವನು ಕೇಳಲಿಲ್ಲ. ಮಾರುವವನ ಎದುರಿಗೇ ಇಬ್ಬರೂ ದನಿಯೇರಿಸಿ ಜಗಳಕ್ಕೆ ನಿಂತರು. ಕೊನೆಗೆ ಮಾರುವವನು ಇಬ್ಬರಿಗೂ ಕೈಮುಗಿದು, "ಒಂದು ನಿಮ್ಮಿಷ್ಟದ್ದು, ಒಂದು ಅವರಿಷ್ಟದ್ದು ತಗೊಂಡು ಹೊರಡ್ರಪ್ಪ," ಅಂದ. ಹಾಗೇ ಎರಡು ಟಗರುಗಳನ್ನು ವ್ಯಾನಿಗೆ ಹತ್ತಿಸಿದರು. ಹತ್ತಿಸುವಾಗ ಹಲಗೆಯ ಇಳಿಜಾರಿನಲ್ಲಿ ಒಂದು ಟಗರು ಕಾಲೂರಲಾರದೆ ಜಾರಿದಾಗ ಅವಳು ಕೊಂಬು ಹಿಡಿದು ಎಳೆದಳು, ಅವನು ಹಿಂದಿನಿಂದ ಭುಜ ಕೊಟ್ಟು ನೂಕಿದ.